ಬಿಚ್ಚಲು ಬಾರದ ಉಲ್ಲನ್

ಹೋದ ತಿಂಗಳು ನಮ್ಮ ಫ್ರೀಜರಿನಲ್ಲಿ, ಹಸಿ ಬಟಾಣಿಯ ಪೊಟ್ಟಣಕ್ಕೂ ಕಾಯಿತುರಿಯ ಡಬ್ಬಕ್ಕೂ ನಡುವೆ, ಅರ್ಧ ಹೆಣೆದ ಶಾಲೊಂದು ಮೂರು ದಿನ ಮಲಗಿತ್ತು. ಐಸ್ ತೆಗೆಯಲು ಬಾಗಿಲು ತೆರೆದ ನಮ್ಮ ಯಜಮಾನರು "ಇದೇನೇ ಇದು, ಬೆಕ್ಕಿನ ಮರಿನಾ?" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಬೆಕ್ಕಲ್ಲ, ಆಡು. ಮೊಹೇರ್ ಎಂಬ, ಮೈತುಂಬ ನವಿರು ಕೂದಲೆದ್ದ ಬೂದು ಬಣ್ಣದ ಉಲ್ಲನ್. ಮೂರು ಗೇಣು ಹೆಣೆದಾದ ಮೇಲೆ ಕುಣಿಕೆ ಎಣಿಸಿದರೆ ಒಂದು ಕಡಿಮೆ. ಎಲ್ಲೋ ಕಡ್ಡಿಯಿಂದ ಜಾರಿದೆ. ಎಲ್ಲಿ ಎಂಬುದು ಮಾತ್ರ ಆ ಮಂಜಿನಲ್ಲಿ ಕಾಣುವುದಿಲ್ಲ. ಬಿಚ್ಚೋಣವೆಂದರೆ ಸಾಲಿನ ಕೂದಲು ಸಾಲಿನ ಕೂದಲನ್ನು ತಬ್ಬಿಕೊಂಡು ಕೂತಿದೆ. ಇಂಥ ಹೊತ್ತಿನಲ್ಲಿ ಒಂದಿಷ್ಟು ಹೊತ್ತು ಫ್ರೀಜರಿನಲ್ಲಿಟ್ಟರೆ ಕೂದಲು ಹಿಡಿತ ಸಡಿಲಿಸುತ್ತದೆ ಎನ್ನುವುದು ಹೆಣೆಯುವವರ ನಡುವಿನ ಮನೆಮದ್ದು. ಒಂದಿಷ್ಟು ಹೊತ್ತು ಸಾಕಿತ್ತು; ನಾನು ಇಟ್ಟದ್ದೇ ಮರೆತೆ.

ಅಮ್ಮನಿಗೆ ಬಿಚ್ಚಲು ಯಾವ ಮದ್ದೂ ಬೇಕಿರಲಿಲ್ಲ. ಕೊಪ್ಪದ ನಮ್ಮ ಮನೆಯಲ್ಲಿ ಮೇ ತಿಂಗಳೆಂದರೆ ಹಪ್ಪಳ ಒಣಗಿಸುವ, ಹಳೆ ಸ್ವೆಟರ್ ಬಿಚ್ಚುವ ತಿಂಗಳು. ಜೂನಿನ ಮಳೆ ಹಿಡಿಯುವುದರೊಳಗೆ ಅಣ್ಣನ ಸ್ವೆಟರೂ ಅಪ್ಪನ ಮಫ್ಲರೂ ಸೇರಿ ನನ್ನ ಸ್ವೆಟರ್ ಆಗಬೇಕಿತ್ತು. ಹೊಲಿಗೆ ಕತ್ತರಿಸಿ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುವ ಆ ಸದ್ದು ಈಗಲೂ ಕಿವಿಯಲ್ಲಿದೆ. ಬಿಚ್ಚಿದ ಉಲ್ಲನ್ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿ. ಹಳೆಯ ಸ್ವೆಟರಿನ ನೆನಪನ್ನು ಅಷ್ಟು ಸುಲಭಕ್ಕೆ ಬಿಡದು. ಮೊಣಕಾಲು ಜೋಡಿಸಿ ಕೂತು ಎರಡೂ ಕೈ ಚಾಚುವುದು ನನ್ನ ಕೆಲಸ. ಅಮ್ಮ ನನ್ನ ಕೈಗಳಿಗೇ ಸುತ್ತಿ ಲಡಿ ಮಾಡಿ, ನೆನೆಸಿ ತೊಳೆದು, ಒದ್ದೆ ಲಡಿಯ ಕೆಳಗೆ ಹಿತ್ತಾಳೆ ಚೊಂಬು ಕಟ್ಟಿ ಜಗಲಿಯ ತೊಲೆಗೆ ತೂಗುಹಾಕುತ್ತಿದ್ದಳು. ಮರುದಿನಕ್ಕೆ ಎಳೆ ನೆಟ್ಟಗೆ. ಒಂದು ಸೀದಾ, ಒಂದು ಉಲ್ಟಾ, ಮತ್ತೆ ಶುರು. ಒಂದು ಮರೂನ್ ಉಲ್ಲನ್ ಹೀಗೆ ನಮ್ಮ ಮನೆಯ ನಾಲ್ಕು ಮೈಗಳನ್ನು ಸುತ್ತಿ ಬಂದು ಕೊನೆಗೆ ಟೀ ಪಾತ್ರೆಯ ಟೋಪಿಯಾಯಿತು.

ಕೆಲಸ ಸಿಕ್ಕಿದ ಹೊಸತರಲ್ಲಿ ಬೆಂಗಳೂರಿನಿಂದ ಅಮ್ಮನಿಗೆಂದು ಗುಂಗುರು ಉಲ್ಲನ್ ಒಯ್ದಿದ್ದೆ. ಉದ್ದಕ್ಕೂ ಸಣ್ಣ ಸಣ್ಣ ಉಂಗುರ ಎದ್ದಿರುವ, ಕುರಿಮರಿಯ ಬೆನ್ನಿನಂಥ ನೂಲು. ಅಂಗಡಿಯವರು ಬೂಕ್ಲೆ ಎನ್ನುತ್ತಾರೆ. ಅಮ್ಮ ಉಂಡೆಯನ್ನು ಕೆನ್ನೆಗೊತ್ತಿಕೊಂಡು ನೋಡಿದಳು. "ಚೆನ್ನಾಗಿದೆ ಮಾರಾಯ್ತಿ. ಆದ್ರೆ ಇದನ್ನ ಬಿಚ್ಚೋದು ಹ್ಯಾಗೆ?" ಹೆಣೆಯುವ ಮೊದಲೇ ಬಿಚ್ಚುವ ಯೋಚನೆ! ಆಗ ನನಗೆ ಸಿಟ್ಟು ಬಂದಿತ್ತು.

ಬೂಕ್ಲೆ ಎಂದರೆ ಫ್ರೆಂಚಿನಲ್ಲಿ ಗುಂಗುರು ಎಂದೇ ಅರ್ಥ. ಬಿಗಿಯಾಗಿ ಎಳೆದ ಒಂದು ನೂಲಿನ ಜೊತೆ ಇನ್ನೊಂದನ್ನು ಬೇಕೆಂದೇ ಹೆಚ್ಚು ಹೆಚ್ಚು ಬಿಡುತ್ತ ಹೋಗುತ್ತಾರೆ. ಹೆಚ್ಚಾದದ್ದು ಎಲ್ಲಿಗೆ ಹೋದೀತು, ಉಂಗುರವಾಗಿ ಏಳುತ್ತದೆ. ಮೂರನೆಯದೊಂದು ತೆಳು ನೂಲು ಬಂದು ಅದನ್ನು ಅಲ್ಲಲ್ಲೇ ಕಟ್ಟಿಹಾಕುತ್ತದೆ. 1954ರಲ್ಲಿ, 70ರ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಮತ್ತೆ ಅಂಗಡಿ ತೆರೆದ ಕೊಕೊ ಶನೆಲ್ ಇಂಥ ಒರಟು ನೂಲಿನ ನೇಯ್ಗೆಯ ಬಟ್ಟೆಯಿಂದಲೇ ತನ್ನ ಹೆಸರಾಂತ ಜಾಕೆಟ್ಟುಗಳನ್ನು ಹೊಲಿಸಿದಳು. ಆ ಜಾಕೆಟ್ಟುಗಳ ಒಳಅಂಚಿನಲ್ಲಿ ಒಂದು ಸಣ್ಣ ಲೋಹದ ಸರಪಣಿ ಇರುತ್ತದೆ, ಬಟ್ಟೆ ಸೊಟ್ಟಗಾಗದೆ ನೆಟ್ಟಗೆ ಇಳಿಬೀಳಲೆಂದು. ಇದನ್ನು ಓದಿದ ದಿನ ನನಗೆ ನೆನಪಾದದ್ದು ಹಿತ್ತಾಳೆ ಚೊಂಬು.

ನನ್ನ ಇಷ್ಟದ ಕತೆ ಶೆನೀಲ್‌ದು. ಈಗ ಕ್ರೋಷಾ ಕಲಿಯುವ ಹುಡುಗಿಯರೆಲ್ಲ ಗೊಂಬೆ ಮಾಡುವುದು ಇದರಲ್ಲೇ. ನಡುವೆ ತೆಳ್ಳನೆ ದಾರ, ಸುತ್ತ ಮಖಮಲ್ಲಿನಂಥ ರೋಮ. ಹುಟ್ಟಿದ್ದು ಫ್ರಾನ್ಸಿನಲ್ಲಿ, ಶೆನೀಲ್ ಎಂದರೆ ಆ ಭಾಷೆಯಲ್ಲಿ ಕಂಬಳಿಹುಳು. ಅವರು ಹುಳುವನ್ನು ನೋಡಿ ನೂಲಿಗೆ ಹೆಸರಿಟ್ಟರು, ನಾವು ಕಂಬಳಿಯನ್ನು ನೋಡಿ ಹುಳುವಿಗೆ ಹೆಸರಿಟ್ಟೆವು. ನಡುದಾರಿಯಲ್ಲಿ ಎರಡೂ ಭಾಷೆ ಮುಖಾಮುಖಿಯಾದಂತಿದೆ. ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಶಾಲು ನೇಯುವವರು ಇದಕ್ಕೊಂದು ಉಪಾಯ ಕಂಡುಕೊಂಡರು: ಮೊದಲು ಬಟ್ಟೆಯನ್ನೇ ನೇಯ್ದು, ಅದನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಆ ಪಟ್ಟಿಗಳನ್ನೇ ನೂಲಾಗಿ ಬಳಸುವುದು. 1839ರಲ್ಲಿ ಜೇಮ್ಸ್ ಟೆಂಪಲ್ಟನ್ ಮತ್ತು ವಿಲಿಯಂ ಕ್ವಿಗ್ಲೆ ಅದರಿಂದ ರತ್ನಗಂಬಳಿ ನೇಯಲು ಪೇಟೆಂಟ್ ಪಡೆದರು. ನಾನು ಮೊಮ್ಮಗಳಿಗೆ ಶೆನೀಲಿನಲ್ಲಿ ಒಂದು ಹೊದಿಕೆ ಹೆಣೆದೆ. ಎರಡು ಸಲ ಒಗೆದದ್ದೇ ತಡ, ಸಡಿಲ ಹಾಕಿದ್ದ ಕುಣಿಕೆಗಳೆಲ್ಲ ಹುಳುಗಳಂತೆ ಮೇಲಕ್ಕೆ ತೆವಳಿದವು. ಹೆಸರಿಗೆ ತಕ್ಕ ನಡತೆ.

ಮೊಹೇರ್ ಬರುವುದು ಅಂಗೋರಾ ಆಡಿನಿಂದ. ಅಂಗಡಿಯಲ್ಲಿ ಅಂಗೋರಾ ಎಂದು ಕೇಳಿದರೆ ಕೊಡುವುದು ಮೊಲದ ಉಣ್ಣೆ. ಈ ಗೊಂದಲಕ್ಕೆ ನಾನು ಜವಾಬ್ದಾರಳಲ್ಲ. ಎರಡಕ್ಕೂ ಹೆಸರು ಬಂದಿರುವುದು ಈಗ ಅಂಕಾರಾ ಎನಿಸಿಕೊಂಡಿರುವ ತುರ್ಕಿಯ ಊರಿನಿಂದ. ಅಲ್ಲಿನ ಸುಲ್ತಾನರು ಈ ಆಡಿನ ತಳಿಯನ್ನು ಸುಮ್ಮನೆ ಹೊರಗೆ ಬಿಟ್ಟವರಲ್ಲ. 1838ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹನ್ನೆರಡು ಹೋತಗಳನ್ನೂ ಒಂದು ಹೆಣ್ಣಾಡನ್ನೂ ಕಳಿಸುವಾಗ ಹೋತಗಳ ಬೀಜ ಒಡೆದೇ ಹಡಗು ಹತ್ತಿಸಿದರಂತೆ. ಆದರೆ ಹೆಣ್ಣಾಡು ಗಬ್ಬವಾಗಿತ್ತು! ದಾರಿಯಲ್ಲಿ ಅದು ಗಂಡುಮರಿ ಹಾಕಿತು ಎಂಬುದು ಅಲ್ಲಿಯವರು ಹೇಳುತ್ತ ಬಂದ ಕತೆ. ಇವತ್ತು ಲೋಕದಲ್ಲೇ ಹೆಚ್ಚು ಮೊಹೇರ್ ಬರುವುದು ದಕ್ಷಿಣ ಆಫ್ರಿಕದಿಂದ. ಸುಲ್ತಾನನೂ ಒಂದು ಕುಣಿಕೆ ಬಿಟ್ಟಿದ್ದ ಅನ್ನಿ.

ಸಾದಾ ಉಲ್ಲನ್ ಬಲು ನಿಷ್ಠುರ. ಒಂದು ಕುಣಿಕೆ ಉಲ್ಟಾ ಬಿದ್ದರೂ ಊರಿಗೆಲ್ಲ ತೋರಿಸುತ್ತದೆ. ಆದರೆ ಬಿಚ್ಚಿದರೆ ಮತ್ತೊಂದು ಅವಕಾಶ ಕೊಡುತ್ತದೆ. ಈ ಗುಂಗುರು, ಈ ರೋಮದ ಉಲ್ಲನ್ನುಗಳು ತಪ್ಪನ್ನೆಲ್ಲ ಸೆರಗಿನೊಳಗೆ ಮುಚ್ಚಿಕೊಳ್ಳುತ್ತವೆ, ಹಿಂದಕ್ಕೆ ಹೋಗಲು ಮಾತ್ರ ಬಿಡುವುದಿಲ್ಲ. ನನ್ನಂಥ ಗಡಿಬಿಡಿಯವಳಿಗೆ ಎರಡನೆಯದೇ ಹಿತ. ಅಮ್ಮನಿಗೆ ಅದು ಕಳ್ಳತನದಂತೆ ಕಂಡಿತ್ತೇನೋ. ಆ ಬೂಕ್ಲೆ ಉಂಡೆಗಳು ಹದಿನೈದು ವರ್ಷ ಟ್ರಂಕಿನಲ್ಲೇ ಇದ್ದವು.

ಫ್ರೀಜರಿನಿಂದ ತೆಗೆದ ಶಾಲು ನಾಲ್ಕು ಸಾಲು ಬಿಚ್ಚಿತು, ಐದನೆಯದಕ್ಕೆ ಜಗಳ ತೆಗೆಯಿತು. ಹಾಳಾಗಲಿ, ಯಾರಿಗೆ ಕಾಣುತ್ತದೆ ಎಂದು ಒಂದು ಕುಣಿಕೆ ಹೆಚ್ಚಿಸಿ ಲೆಕ್ಕ ಸರಿಮಾಡಿ ಮುಗಿಸಿದೆ. ಊರಿಗೆ ಹೋದಾಗ ಅಮ್ಮನಿಗೆ ಹೊದಿಸಿದೆ. ಅವಳಿಗೀಗ ಎಂಬತ್ತೆರಡು. ಕಣ್ಣಿನ ಪೊರೆ ತೆಗೆಸಿದರೂ ದೃಷ್ಟಿ ಅಷ್ಟಕ್ಕಷ್ಟೆ. ಮಾತಾಡುತ್ತಲೇ ಶಾಲಿನ ಅಂಚಿನಿಂದ ಬೆರಳಾಡಿಸುತ್ತ ಬಂದವಳು ನಡುವೆ ಒಂದು ಕಡೆ ನಿಂತಳು.

"ಇಲ್ಲೊಂದು ಬಿಟ್ಟಿದೀಯ."

"ಬಿಚ್ಚಕ್ಕಾಗಲ್ಲಮ್ಮ ಅದು."

"ಬಿಚ್ಚು ಅಂದೋರ್ಯಾರು? ಕೂದ್ಲು ಹಿಡ್ಕೊಂಡಿದೆ, ಓಡಲ್ಲ. ಸೂಜಿ ಕೊಡು."

ಟೀ ಪಾತ್ರೆಯ ಹಳೆಯ ಟೋಪಿಯನ್ನು ಹುಡುಕಿಸಿ ತರಿಸಿ, ಅದರ ತುದಿಯಿಂದ ಒಂದು ಗೇಣು ಮರೂನ್ ಎಳೆ ಎಳೆದುಕೊಂಡಳು. ಸುರುಳಿಯಾಗಿದ್ದ ಎಳೆಯನ್ನು ಎರಡು ಬೆರಳ ನಡುವೆ ಸವರಿ ನೇರ ಮಾಡಿದಳು. ಸೂಜಿಗೆ ನಾನು ಪೋಣಿಸಿಕೊಟ್ಟೆ.