ಕೊಡಲಿಯ ಬಾಯಿ

ಹರಿತವೆಂದರೆ ತೆಳುವೆಂದೇ ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಗೆ ನಮ್ಮ ತಂದೆಯವರ ಕೊಡಲಿ ಬಲಿಯಾಯಿತು. ಆ ಸಂಗತಿಯನ್ನು ವಾಚಕ ಬಂಧುಗಳಲ್ಲಿ ಸಂಕೋಚದಿಂದಲೇ ನಿವೇದಿಸಿಕೊಳ್ಳುತ್ತಿದ್ದೇನೆ.

ನಮ್ಮದು ಶಹಾಪುರ ಸೀಮೆಯ ಒಕ್ಕಲು ಮನೆತನ. ಊರ ಜಾತ್ರೆಯ ದಾಸೋಹಕ್ಕೆ ಕಟ್ಟಿಗೆ ಒಡೆದುಕೊಡುವುದು ತಂದೆಯವರು ತಾವಾಗಿಯೇ ವಹಿಸಿಕೊಂಡಿದ್ದ ಸೇವೆ. 2016ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅದು ನನ್ನ ಪಾಲಿಗೆ ಬಂತು. ಯಾದಗಿರಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನನ್ನ ಕೈಗೆ ಸೀಮೆಸುಣ್ಣ ಒಗ್ಗಿತ್ತೇ ವಿನಾ ಕೊಡಲಿಯ ಕಾವಲ್ಲ. ಆದರೂ ತಂದೆಯವರ ಹೆಸರಿಗೆ ಕುಂದು ಬರಬಾರದೆಂಬ ಹುಮ್ಮಸ್ಸು. ಪೇಟೆಯಲ್ಲಿ ವಿದ್ಯುತ್ ಸಾಣೆಯವನೊಬ್ಬನಿಗೆ ಕೊಡಲಿಯನ್ನು ಕೊಟ್ಟು, ಕ್ಷೌರದ ಕತ್ತಿಯಂತಾಗಬೇಕೆಂದು ಎದುರಿಗೆ ನಿಂತು ಮಸೆಯಿಸಿದೆ. ಇಷ್ಟು ತೆಳುವು ಬೇಡವೆಂದು ಅವನು ಒಮ್ಮೆ ಹೇಳಿದ್ದುಂಟು; ಕೇಳಲಿಲ್ಲ. ಕಿಡಿ ಹಾರುತ್ತಿದ್ದಂತೆ ಅಂಚು ನೀಲಿಯಾಗಿ, ಬಳಿಕ ಬೂದಿಬಣ್ಣಕ್ಕೆ ತಿರುಗಿತು. ಅದನ್ನೂ ಹೊಳಪೆಂದೇ ತಿಳಿದೆ. ಮುಂಗೈ ಕೂದಲು ಬೋಳಿಸಿ ನೋಡಿ ಸಂತುಷ್ಟನಾದೆ.

ಜಾತ್ರೆಯ ಮುನ್ನಾದಿನ ಬಳ್ಳಾರಿ ಜಾಲಿಯ ಗಂಟಿನ ಮೇಲೆ ಬಿದ್ದ ಮೂರನೆಯ ಏಟಿಗೇ ಬಾಯಿ ಒಣರೊಟ್ಟಿಯ ಅಂಚಿನಂತೆ ಮಡಚಿಕೊಂಡಿತು. ಸುತ್ತ ನಿಂತವರು ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನೆರೆಮನೆಯ ಹಿರಿಯರೊಬ್ಬರು ಮಾತನಾಡದೆ ತಮ್ಮ ಕೊಡಲಿ ತಂದು ಉಳಿದ ಕಟ್ಟಿಗೆ ಒಡೆದುಕೊಟ್ಟರು.

ಅದನ್ನು ಮೊದಲು ಬಡಿದುಕೊಟ್ಟ ಕಮ್ಮಾರರು ಸುರಪುರದವರು. ಕೊಡಲಿಯನ್ನು ಹೊತ್ತು ಅವರ ಕುಲುಮೆಗೆ ಹೋದೆ. ಅಂಚಿನ ಮೇಲೆ ಹೆಬ್ಬೆರಳಾಡಿಸಿ, ‘ಮಾಸ್ತರ, ಕೊಡ್ಲಿಗಿ ಚಾಕುವಿನ ಬಾಯಿ ಯಾಕ ಇಟ್ರಿ? ಇದರ ಹಿಂದ ಮೈನ ಇಲ್ಲಲ್ರಿ’ ಎಂದರು. ಕಾಯಿಪಲ್ಲೆ ಕೊಯ್ಯುವ ಈಳಿಗೆ ಮೆತ್ತನೆಯ ಪದಾರ್ಥದಲ್ಲಿ ಜಾರಿ ಹೋಗಬೇಕು, ಅದು ತೆಳುವಿರಲಿ. ಕೊಡಲಿ ಕಟ್ಟಿಗೆಯನ್ನು ಕೊಯ್ಯುವುದಕ್ಕಿಂತ ಹೆಚ್ಚಾಗಿ ಬೆಣೆಯಂತೆ ನುಗ್ಗಿ ಅಗಲಿಸಬೇಕು. ಅದರ ಕೆನ್ನೆ ಹುಣಸೆಬೀಜದ ಬೆನ್ನಿನಂತೆ ತುಸು ಉಬ್ಬಿರಬೇಕು. ಚಪ್ಪಟೆಯಾದರೆ ಮರದಲ್ಲಿ ಕಚ್ಚಿಕೊಂಡು ಹೊರಬಾರದು. ಇಷ್ಟನ್ನು ಅವರು ತಿದಿ ಒತ್ತುತ್ತಲೇ ತಿಳಿಸಿದರು. ಬೂದಿಬಣ್ಣದ ಮಾತಿಗೆ ಮಾತ್ರ ಕೈ ನಿಲ್ಲಿಸಿ ತಲೆಯಾಡಿಸಿದರು. ನೀರು ತೋರಿಸದೆ ಮಸೆದುದರಿಂದ ಉಕ್ಕಿನ ಹದವೇ ಹೋಗಿತ್ತು.

ಕೆಟ್ಟ ಅಂಚನ್ನು ಕಡಿದು ತೆಗೆದು, ಬಾಯಿಯನ್ನು ಕೆಂಪಗೆ ಕಾಯಿಸಿ ಬಡಿದರು. ಮತ್ತೆ ಕಾಯಿಸಿ, ಅಂಚನ್ನಷ್ಟೇ ನೀರಿಗೆ ಅದ್ದಿದರು. ಆಗ ಉಕ್ಕು ಗಾಜಿನಂತೆ ಗಡುಸು, ಗಾಜಿನಂತೆಯೇ ಒಡೆಯುವಂಥದು. ಬಾಯಿಯನ್ನು ಚಕಚಕನೆ ಉಜ್ಜಿ, ಹಿಂಭಾಗದಲ್ಲುಳಿದ ಶಾಖ ಮೆಲ್ಲನೆ ಅಂಚಿನತ್ತ ಹರಿಯುವುದನ್ನು ಕಾದರು. ಮೊದಲು ಹೊನ್ನಿನ ಬಣ್ಣ, ಬಳಿಕ ಕಂದು, ಬಳಿಕ ನೇರಳೆ ಮೂಡಿದವು. ನೇರಳೆ ಅಂಚಿಗೆ ಮುಟ್ಟಿದೊಡನೆ ಇಡೀ ಕೊಡಲಿ ನೀರಿನೊಳಗೆ. ನಾನು ಪೇಟೆಯಲ್ಲಿ ಕಂಡದ್ದು ಈ ನೇರಳೆಯನ್ನೂ ದಾಟಿದ ಬಣ್ಣ. ಮೂವತ್ತು ವರ್ಷ ಪಾಠ ಹೇಳಿದ ನಾನು ಅಷ್ಟು ನಿಶ್ಶಬ್ದವಾಗಿ ಯಾವ ತರಗತಿಯಲ್ಲಿಯೂ ಕುಳಿತವನಲ್ಲ.

ಮನೆಗೆ ಬಂದು ಲೆಕ್ಕದ ಮಾಸ್ತರನ ಚಪಲಕ್ಕೆ ಅಳತೆ ಮಾಡಿದೆ. ದಿನಪತ್ರಿಕೆಯ ಮೂಲೆ 90 ಡಿಗ್ರಿ. ಒಮ್ಮೆ ಮಡಿಸಿದರೆ 45, ಮತ್ತೊಮ್ಮೆ ಮಡಿಸಿದರೆ 22½. ಅಡುಗೆಯ ಚಾಕುವಿಗೆ ಒಂದೊಂದು ಪಕ್ಕ 15ರಿಂದ 20 ಡಿಗ್ರಿ ಸಾಕು. ಗಂಟುಕಟ್ಟಿಗೆ ಒಡೆಯುವ ಕೊಡಲಿಗೆ ಪಕ್ಕಕ್ಕೆ 25ರಿಂದ 30 ಬೇಕು. ಕಮ್ಮಾರರು ಕಣ್ಣಳತೆಯಲ್ಲಿಯೇ ಇಟ್ಟುಕೊಟ್ಟಿದ್ದ ಬಾಯಿ ಆ ಮಡಿಕೆಗಿಂತ ತುಸುವೇ ಹೆಚ್ಚಿತ್ತು.

ಈಗ ಕೊಡಲಿ ತಂದೆಯವರ ಕಾಲಕ್ಕಿಂತ ಒಂದು ಬೆರಳು ಗಿಡ್ಡ. ಪ್ರತಿ ಜಾತ್ರೆಗೆ ಮುಂಚೆ ಅಂಗಳದಲ್ಲಿ ಕುಳಿತು, ಪಕ್ಕದಲ್ಲಿ ನೀರಿಟ್ಟುಕೊಂಡು ಕಲ್ಲಿನಿಂದಲೇ ಮಸೆಯುತ್ತೇನೆ. ಕೂದಲು ಬೋಳಿಸುವುದಿಲ್ಲ, ಜಾಲಿ ಒಡೆಯುತ್ತದೆ. ಮನೆಯಾಕೆ ಮಾತ್ರ ತನ್ನ ಈಳಿಗೆಯನ್ನು ಇಂದಿಗೂ ನನ್ನ ಕೈಗೆ ಕೊಡುವುದಿಲ್ಲ.