ಅಪ್ಪನ ಹೆಬ್ಬೆರಳು ಮತ್ತು 35,000 ಆರ್‌ಪಿಎಂ

ನನ್ನ ಅಕ್ಕ ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಪಾದದ ಆರೈಕೆಯ ತರಬೇತಿ ಮುಗಿಸಿಕೊಂಡು ಬಂದಾಗ ಅಲ್ಲಿನ ಸಕ್ಕರೆ ಕಾಯಿಲೆ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನಲ್ಲೇ ಅವಳಿಗೊಂದು ಸಣ್ಣ ಕೋಣೆ ಕೊಟ್ಟರು. ಕೋಣೆ ಅವರದು, ಸಲಕರಣೆ ಇವಳದು ಅಂತ ಮಾತಾಯ್ತು. ಪೊಡಿಯಾಟ್ರಿ ಅನ್ನೋ ಪದ ನಮ್ಮೂರ ಕಡೆ ಯಾರಿಗೂ ಗೊತ್ತಿಲ್ಲ. ‘ಕಾಲು ನೋಡೋ ಮೇಡಂ’ ಅಂದರೆ ಈಗ ಆಟೋದವರು ಕರಕೊಂಡು ಹೋಗಿ ಬಿಡ್ತಾರೆ.

ಆಣಿ, ದಡ್ಡುಗಟ್ಟಿದ ಚರ್ಮ, ಮರದ ತೊಗಟೆಯಂತೆ ದಪ್ಪಗಾದ ಉಗುರು, ಇವೇ ಅವಳ ದಿನನಿತ್ಯದ ಕೆಲಸ. ಅಂಥ ಉಗುರು ನೇಲ್ ಕಟರ್‌ಗೆ ಬಗ್ಗೋದಿಲ್ಲ. ಪೆನ್ನಿನಂತೆ ಹಿಡಿಯುವ ಸಣ್ಣ ಡ್ರಿಲ್ಲಿಗೆ ‘ಬರ್’ ಅನ್ನೋ ಅರದ ತುದಿ ಸಿಕ್ಕಿಸಿ ಮೆಲ್ಲಗೆ ತೆಳು ಮಾಡಬೇಕು. ‘ಲೋ, ನೀನು ಇಂಜಿನಿಯರ್ ತಾನೇ, ಒಂದು ಒಳ್ಳೇ ಮಷಿನ್ ನೋಡಿ ಕೊಡಿಸೋ’ ಅಂದಳು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೆ ಅಕ್ಕನ ಮುಂದೆ ಅದನ್ನು ಹೇಳಿ ತಪ್ಪಿಸಿಕೊಳ್ಳೋದು ಹೇಗೆ?

ಎಕ್ಸೆಲ್ ಶೀಟ್ ಮಾಡಿದೆ. ಬೆಲೆ, ತೂಕ, ವೇಗ. ಎಲ್ಲಕ್ಕಿಂತ ಹೆಚ್ಚು ಆರ್‌ಪಿಎಂ, ಅಂದರೆ ನಿಮಿಷಕ್ಕೆ 35,000 ಸುತ್ತು ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದನ್ನು ಆನ್‌ಲೈನಿನಲ್ಲಿ ತರಿಸಿದೆ. 2,400 ರೂಪಾಯಿ. ಬ್ಯೂಟಿ ಪಾರ್ಲರಿನವರೂ ಅದನ್ನೇ ಬಳಸ್ತಾರೆ ಅಂತಿತ್ತು. ಉಗುರು ಉಗುರೇ ಅಲ್ವಾ ಅಂದುಕೊಂಡೆ.

ರೋಗಿಗಳ ಮೇಲೆ ಇಡೋ ಮೊದಲು ಮನೆಯಲ್ಲೇ ನೋಡೋಣ ಅಂತ ಒಂದು ಭಾನುವಾರ ಅಪ್ಪನನ್ನು ಕೂರಿಸಿದೆವು. ಅಪ್ಪ ನಿವೃತ್ತ ಮೇಷ್ಟ್ರು, ಸಕ್ಕರೆ ಕಾಯಿಲೆ ಬಂದು 18 ವರ್ಷ. ಅಕ್ಕ ಮೊದಲು ಮೊನೊಫಿಲಮೆಂಟ್ ಹಿಡಿದಳು. ಅದು ಮೀನಿನ ಗಾಳದ ದಾರದಂಥ ನೈಲಾನ್ ಎಳೆ, ಬಾಗುವಷ್ಟು ಒತ್ತಿದರೆ ಚರ್ಮದ ಮೇಲೆ ಬೀಳೋದು 10 ಗ್ರಾಂ ಭಾರ. ಕಣ್ಣು ಮುಚ್ಚಿಸಿ ಪಾದದ ಹಲವು ಕಡೆ ಮುಟ್ಟಿಸಿ ಮುಗಿಸಿದ ಮೇಲೆ ಅಪ್ಪ ‘ಯಾವಾಗ ಶುರು ಮಾಡ್ತೀಯಮ್ಮಾ?’ ಅಂತ ಕೇಳಿದರು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಆಮೇಲೆ ಡ್ರಿಲ್ ಹಿಡಿದಳು. ಮೋಟರಿನ ಸದ್ದು ಭರ್ಜರಿಯಾಗೇ ಇತ್ತು, ಹೆಬ್ಬೆರಳಿನ ಉಗುರಿಗೆ ತಾಗಿಸಿದ ಕೂಡಲೇ ಕುಗ್ಗಿತು. ನಾನೇ ಪಕ್ಕದಲ್ಲಿ ಕೂತು ಸ್ಪೀಡ್ ಏರಿಸು ಅಂದೆ. ಜೊತೆಗೆ ಬಂದಿದ್ದ ಬರ್ ಅಗ್ಗದ್ದು, ಸ್ವಲ್ಪ ಹೊತ್ತಿಗೇ ಮೊಂಡಾಗಿ, ಕೊರೆಯೋ ಬದಲು ಉಜ್ಜೋಕೆ ಶುರುವಾಯ್ತು. ಒತ್ತಿ ಉಜ್ಜಿದರೆ ಏನಾಗುತ್ತೆ? ಬಿಸಿಯಾಗುತ್ತೆ. ಬೇರೆಯವರಾಗಿದ್ದರೆ ‘ಆ’ ಅಂತ ಕಾಲು ಎಳೆದುಕೊಳ್ತಿದ್ದರು. ಅಪ್ಪ ಆರಾಮಾಗಿ ಪೇಪರ್ ಓದ್ತಾ ಇದ್ದರು.

ಮಾರನೇ ದಿನ ಸಂಜೆ ಅಮ್ಮ ನೋಡಿದ್ದು. ಉಗುರಿನ ಬುಡದಲ್ಲಿ ಕಡಲೆಬೇಳೆಯಷ್ಟು ಗುಳ್ಳೆ. ‘ನನಗೇನೂ ಗೊತ್ತಾಗ್ಲೇ ಇಲ್ಲ ಬಿಡೋ’ ಅಂತ ಅಪ್ಪ ನನಗೆ ಫೋನಿನಲ್ಲಿ ಸಮಾಧಾನ ಹೇಳಿದರು. ಗೊತ್ತಾಗದೇ ಇದ್ದದ್ದೇ ನನಗೆ ಭಯವಾಗಿದ್ದು. ಸ್ಪರ್ಶ ಸತ್ತ ಕಾಲಿನಲ್ಲಿ ಇಂಥ ಸಣ್ಣ ಗಾಯವೇ ಹುಣ್ಣಾಗಿ, ಸೋಂಕಾಗಿ, ಬೆರಳು ತೆಗೆಯೋ ಮಟ್ಟಕ್ಕೆ ಹೋಗಬಹುದು. ಡಾಕ್ಟರು ನೋಡಿದರು, ದಿನಾ ಡ್ರೆಸ್ಸಿಂಗ್ ಆಯ್ತು, ಮಾಯಲು ಹದಿನೇಳು ದಿನ ಹಿಡೀತು. ಅಕ್ಕ ಅಷ್ಟೂ ದಿನ ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಚಿಕೆ ಏನಂದರೆ, ನನ್ನ ಕೆಲಸದಲ್ಲಿ ಈ ತಪ್ಪು ಮಾಡಿದವರನ್ನು ನಾನೇ ತರಾಟೆಗೆ ತಗೋತೀನಿ. ಯಾರೂ ಬಳಸದಿರುವಾಗ ಸರ್ವರ್ ಎಷ್ಟು ಫಾಸ್ಟ್ ಅಂತ ನೋಡಿ ಏನು ಪ್ರಯೋಜನ? ಲೋಡ್ ಬಿದ್ದಾಗ ನಿಲ್ಲುತ್ತಾ ಅಂತ ನೋಡಬೇಕು. 35,000 ಅನ್ನೋದು ಡ್ರಿಲ್ ಗಾಳಿಯಲ್ಲಿ ಸುಮ್ಮನೆ ತಿರುಗುವಾಗಿನ ಲೆಕ್ಕ. ಬೇಕಾದದ್ದು ಟಾರ್ಕ್, ಅಂದರೆ ಒತ್ತಿದಾಗಲೂ ತಿರುಗುವ ಬಲ. ಬಲವಿದ್ದರೆ ಕಡಿಮೆ ವೇಗದಲ್ಲೇ, ಒತ್ತದೇ ಕೆಲಸ ಆಗುತ್ತೆ. ಅಕ್ಕ ಈಗ ಹೆಚ್ಚಿನ ಉಗುರುಗಳಿಗೆ 15,000 ದಾಟೋದಿಲ್ಲ.

ಎರಡನೇ ಮಷಿನ್‌ಗೆ ಎಕ್ಸೆಲ್ ಬಿಟ್ಟು ತೆಂಗಿನ ಕರಟ ಹಿಡಕೊಂಡು ಹೋದೆ. ಬೆಂಗಳೂರಿನಲ್ಲಿ ವೈದ್ಯಕೀಯ ಸಲಕರಣೆ ಮಾರುವ ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಕರಟಕ್ಕೆ ಬರ್ ತಾಗಿಸಿ ಸದ್ದು ಎಷ್ಟು ಕುಗ್ಗುತ್ತೆ ಅಂತ ಕೇಳಿದೆ. ನಿಧಾನಕ್ಕೆ ತಿರುಗಿಸಿ ಬರ್‌ನ ತುದಿ ಒಂದೇ ಕಡೆ ನಿಲ್ಲುತ್ತಾ, ಇಲ್ಲಾ ಓಲಾಡಿ ಸುತ್ತು ಬರೆಯುತ್ತಾ ಅಂತ ನೋಡಿದೆ. ಓಲಾಡಿದರೆ ಕೈ ನಡುಗುತ್ತೆ, ಬೆರಳಿಗೂ ಕಂಪನ. ಐದು ನಿಮಿಷ ಓಡಿಸಿ ಹ್ಯಾಂಡ್‌ಪೀಸ್ ಕೈಯಲ್ಲಿ ಬಿಸಿಯಾಗುತ್ತಾ ಅಂತಲೂ. ಕೊನೆಗೆ ಬ್ರಷ್‌ಲೆಸ್ ಮೋಟರಿನ, ಧೂಳು ಎಳೆದುಕೊಳ್ಳುವ ಒಂದನ್ನು ತಗೊಂಡ್ವಿ. ಧೂಳಿನ ವಿಷಯ ಅಕ್ಕನೇ ಹಟ ಹಿಡಿದಿದ್ದು. ದಪ್ಪಗಾದ ಉಗುರಿನಲ್ಲಿ ಎಷ್ಟೋ ಸಲ ಶಿಲೀಂಧ್ರ ಇರುತ್ತೆ, ಅದರ ಪುಡಿ ದಿನಾ ಅವಳ ಶ್ವಾಸಕ್ಕೇ ಹೋಗೋದು. ಎಳೆದುಕೊಳ್ಳೋ ಮಷಿನ್ ಇದ್ದರೂ ಎನ್95 ಮಾಸ್ಕ್ ಬಿಡೋದಿಲ್ಲ. ಕಂತು ಆರು ತಿಂಗಳು ನಾನೇ ಕಟ್ಟಿದೆ. ಕಟ್ಟಲೇಬೇಕಿತ್ತು.

ತಂದ ಮೇಲೂ ನನ್ನ ಇಂಜಿನಿಯರಿಂಗ್ ಸುಮ್ಮನಿರಲಿಲ್ಲ. ಹ್ಯಾಂಡ್‌ಪೀಸ್ ಸ್ವಲ್ಪ ಕಿರುಗುಟ್ಟಿತು ಅಂತ ಅಮ್ಮನ ಹೊಲಿಗೆ ಮಷಿನ್ ಎಣ್ಣೆ ಬಿಡೋಕೆ ಹೋದೆ. ಅಕ್ಕ ಕೈ ಹಿಡಿದಳು. ಅದರ ಬೇರಿಂಗಿಗೆ ಎಣ್ಣೆ ಬಿಡಬಾರದು ಅಂತ ಪುಸ್ತಕದಲ್ಲೇ ಬರೆದಿತ್ತು. ಎಣ್ಣೆ ಬಿದ್ದರೆ ಉಗುರಿನ ಪುಡಿ ಸೇರಿ ಅಂಟಾಗುತ್ತೆ. ಕಿರುಗುಟ್ಟಿದ್ದು ಚಕ್ಕಿನೊಳಗೆ ಸೇರಿದ್ದ ಪುಡಿಯಿಂದ, ಒಣ ಬ್ರಷ್ಷಿನಲ್ಲಿ ಉಜ್ಜಿದರೆ ಹೋಯ್ತು. ಚಕ್ ಖಾಲಿ ಇರುವಾಗ ಮಷಿನ್ ಓಡಿಸಬಾರದು ಅಂತಲೂ ಅದರಲ್ಲೇ ಇತ್ತು. ಕೋಡ್ ಬರೆಯೋರು ಮ್ಯಾನುಯಲ್ ಓದೋದಿಲ್ಲ ಅನ್ನೋ ಮಾತು ನಿಜ.

ಬರ್‌ಗಳದ್ದೇ ದೊಡ್ಡ ಕತೆ. 2.35 ಮಿಲಿಮೀಟರ್ ಕಾಂಡದ್ದು ನಮ್ಮದಕ್ಕೆ ಸರಿಹೋಗುತ್ತೆ. ದಪ್ಪ ಉಗುರಿಗೆ ಕಾರ್ಬೈಡ್, ನಯ ಮಾಡೋಕೆ ಡೈಮಂಡ್. ಒಬ್ಬರಿಗೆ ಬಳಸಿದ್ದನ್ನು ಬ್ರಷ್ಷಿನಲ್ಲಿ ತೊಳೆದು, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು, ಪೂರ್ತಿ ಒಣಗಿಸಿ, ಪೊಟ್ಟಣ ಕಟ್ಟಿ ಆಟೋಕ್ಲೇವಿಗೆ. ಅಲ್ಲಿ 134 ಡಿಗ್ರಿ. ಒಣಗಿಸದೇ ಇಟ್ಟರೆ ತುಕ್ಕಿನ ಚುಕ್ಕೆ ಬರುತ್ತೆ. ಸ್ಪಿರಿಟ್ಟಿನಲ್ಲಿ ಒರೆಸಿ ಮುಂದಿನವರಿಗೆ ಬಳಸೋದು ಅಕ್ಕನ ಕೋಣೆಯಲ್ಲಿ ಇಲ್ಲ. ಬರ್ ಮೊಂಡಾಯ್ತಾ ಇಲ್ವಾ ಅನ್ನೋದು ಮಾತ್ರ ಕಣ್ಣಿಗೆ ಸುಲಭವಾಗಿ ಕಾಣೋದಿಲ್ಲ. ಅದಕ್ಕೊಂದು ಆ್ಯಪ್ ಮಾಡಿಕೊಡ್ತೀನಿ ಅಂದೆ. ಅಪ್ಪ ಬೇಡ ಅಂದರು.

ಅಪ್ಪ ಹಳೇ ಹಾಜರಿ ಪುಸ್ತಕದಂಥ ಒಂದು ರಿಜಿಸ್ಟರ್ ತಂದರು. ಪ್ರತಿ ಬರ್‌ಗೂ ಒಂದು ಪೊಟ್ಟಣ, ಒಂದು ನಂಬರು, ಒಂದು ಸಾಲು. ಬಳಸಿದ ದಿನ ಒಂದು ಗೆರೆ. ಗೆರೆಗಳು ಅಕ್ಕ ಹೇಳಿದ ಲೆಕ್ಕ ಮುಟ್ಟಿದರೆ, ಅಥವಾ ಅವಳು ‘ಇದು ಉಜ್ಜುತ್ತೆ, ಕೊರೆಯಲ್ಲ’ ಅಂದರೆ, ಆ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಕ್ಲಿನಿಕ್ಕಿಗೆ ದಿನಾ ಸಂಜೆ ತಾವೇ ಹೋಗಿ ಬರೀತಾರೆ, ಕಾಲಿಗೆ ಅಕ್ಕ ಕೊಡಿಸಿದ ಮೆತ್ತನೆ ಚಪ್ಪಲಿ ಹಾಕಿಕೊಂಡು. ಹೋದ ತಿಂಗಳು ನಾನು ಊರಿಗೆ ಹೋದಾಗ ಪುಸ್ತಕ ತಿರುವಿದೆ. ಮೊದಲ ಪುಟದ ಮೊದಲ ಸಾಲಿನಲ್ಲಿ ಆ 2,400 ರೂಪಾಯಿ ಮಷಿನ್ನಿನ ಬರ್ ಇತ್ತು. ಒಂದೇ ಗೆರೆ, ಮೇಲೆ ಕೆಂಪು ಶಾಯಿ, ಪಕ್ಕದಲ್ಲಿ ಅಪ್ಪನ ದುಂಡು ಅಕ್ಷರದಲ್ಲಿ: ‘ಶಾಲೆ ಬಿಡಿಸಲಾಗಿದೆ.’