ಕ್ಯಾಸೆಟ್ಟಿನ ಮಹಿಷಾಸುರ

ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ನಕಲಿನ ನಕಲೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜೆರಾಕ್ಸಿನ ಜೆರಾಕ್ಸು ಮೂರನೆಯ ಮೇಜಿಗೆ ಬರುವಷ್ಟರಲ್ಲಿ ಸಾಹೇಬರ ಸಹಿ ಇರುವೆಯಾಗಿರುತ್ತದೆ, ಮೊಹರು ಮಸಿಯ ಮುದ್ದೆಯಾಗಿರುತ್ತದೆ. ವಿಡಿಯೋಗಳ ಗತಿಯೂ ಇದೇ.

ನಮ್ಮಲ್ಲಿ 1994ರ ವಿಎಚ್‌ಎಸ್ ಕ್ಯಾಸೆಟ್ಟೊಂದಿದೆ. ಮುಲುಂಡಿನ ಯಕ್ಷಗಾನವೊಂದರಲ್ಲಿ ನಮ್ಮ ಸೋದರಮಾವನವರು ಮಹಿಷಾಸುರನಾಗಿ ಕುಣಿದದ್ದು ಅದರಲ್ಲಿದೆ. ಹಗಲು ಹೋಟೆಲಿನ ಗಲ್ಲಾ, ರಾತ್ರಿ ಬಣ್ಣದ ವೇಷ. 2009ರಲ್ಲಿ ತೀರಿಕೊಂಡರು. ಅವರು ಕುಣಿಯುವ ಚಿತ್ರ ಬೇರೆಲ್ಲಿಯೂ ಇಲ್ಲ. ಮುಂಬಯಿಯ ಮಳೆಗಾಲಕ್ಕೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ; ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪನಿಯೂ 2016ರಲ್ಲಿ ಆ ಕೆಲಸ ನಿಲ್ಲಿಸಿತು.

ದುಬಾಯಿಯಲ್ಲಿರುವ ಅವರ ಮೊಮ್ಮಗನಿಗೆ ತಲುಪಿದ್ದು, ಯಾರೋ ಸಿ.ಡಿ.ಗೆ ಇಳಿಸಿ, ಮೊಬೈಲಿಗೆ ಹಿಂಡಿ, ವಾಟ್ಸಾಪಿನಲ್ಲಿ ಮತ್ತೆ ಹಿಂಡಿದ ತುಣುಕು. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಳ್ಳುಮುಳ್ಳಾಗಿ ಇಟ್ಟ ಚುಟ್ಟಿ ಅದರಲ್ಲಿ ಬರಿಯ ಬಿಳಿಯ ಬಿಲ್ಲೆ! ಹಿಂಡುವ ಯಂತ್ರ ಒಂದು ಚಿತ್ರದಿಂದ ಮುಂದಿನದಕ್ಕೆ ಬದಲಾದುದನ್ನಷ್ಟೇ ಬರೆದಿಡುತ್ತದೆ. ಎಲ್ಲವೂ ಬದಲಾಗುವ ಕುಣಿತದಲ್ಲಿ ಅದಕ್ಕೆ ಜಾಗ ಸಾಲದು. ಮಾವನವರು ಗಿರಕಿ ಹೊಡೆದಾಗಲೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತಿದ್ದರು.

ಆದುದರಿಂದ ಮೂಲಕ್ಕೇ ಹೋದೆವು. ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಕ್ಯಾಪ್ಚರ್ ಪೆಟ್ಟಿಗೆ ಕೊಂಡು, ಗೆಳೆಯರ ವಿಸಿಆರ್ ಎರವಲು ತಂದು, ಡಿವಿ ರೂಪದಲ್ಲಿ ಇಳಿಸಿಕೊಂಡೆವು. ಗಂಟೆಗೆ ಸುಮಾರು 13 ಜಿಬಿ. ಇದು ತಾಯಿಪ್ರತಿ, ಇದನ್ನು ಅಳಿಸಕೂಡದು.

ಜಾಲಕ್ಕೆ ಬೇಕಾದ ಎಂಪಿ4 ಪ್ರತಿಯನ್ನು ಇದರಿಂದಲೇ, ಒಂದೇ ಸಲ, ಎಚ್.264 ವಿಧಾನದಲ್ಲಿ ತೆಗೆಯಬೇಕು. ಪುಕ್ಕಟೆ ಸಿಗುವ ಹ್ಯಾಂಡ್‌ಬ್ರೇಕ್ ಸಾಕು. ಅದರ ಗುಣಮಟ್ಟದ ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಕಡತ ದೊಡ್ಡದು. ನಾವು 18 ಇಟ್ಟೆವು. ನಷ್ಟವೇ ಇಲ್ಲವೆನ್ನುವ ಅಂಗಡಿಯವರನ್ನು ಓದುಗ ಮಹಾಶಯರು ನಂಬಬಾರದು. ನಷ್ಟ ಕಣ್ಣಿಗೆ ಬೀಳದಿದ್ದರೆ ಸರಿ. 720 ಅಡ್ಡ 576 ಚುಕ್ಕೆಯ ಚಿತ್ರವನ್ನು ಹಿಗ್ಗಿಸಿ ಎಚ್‌ಡಿ ಮಾಡುವ ಚಪಲವೂ ಬೇಡ. ಇಲ್ಲದ ಚುಕ್ಕೆ ಎಲ್ಲಿಂದ ಬಂದೀತು?

ಇನ್ನೊಂದು ತೊಡಕು. ನಮ್ಮ ಹಳೆಯ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಪ್ರತಿಯೊಂದೂ ಸಾಲು ಬಿಟ್ಟು ಸಾಲಿನ ಎರಡು ಅರ್ಧ. ಕಂಪ್ಯೂಟರಿನಲ್ಲಿ ಅವೆರಡೂ ಒಟ್ಟಿಗೆ ಬಿದ್ದು, ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲು ಏಳುತ್ತದೆ. ಡೀಇಂಟರ್‌ಲೇಸ್ ಮಾಡುವಾಗ ಯಾವ ಅರ್ಧವನ್ನೂ ಎಸೆಯದೆ ಸೆಕೆಂಡಿಗೆ 50 ಚಿತ್ರ ಉಳಿಸಿಕೊಂಡರೆ ಹೆಜ್ಜೆ ಹೆಜ್ಜೆಯೂ ಸ್ಪಷ್ಟ.

ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಎಂದು ಕಳಿಸಿದೆವು. ಹಾಗಾದರೆ ಅದು ಹಿಂಡುವುದಿಲ್ಲ. ಮರುದಿನ ಹುಡುಗನ ಫೋನು: "ಮಾಮಾ, ಅಜ್ಜನ ಮುಖದಲ್ಲಿರುವುದು ಮುಳ್ಳಾ?" ಅಕ್ಕಿಹಿಟ್ಟೆಂದರೆ ನಂಬಲೊಲ್ಲ.

ಇನ್ನೆರಡು ಕ್ಯಾಸೆಟ್ಟುಗಳು ಮಂಚದ ಕೆಳಗಿವೆ. ವಿಸಿಆರನ್ನು ದಸರೆಯೊಳಗೆ ಹಿಂದಿರುಗಿಸಬೇಕಾಗಿದೆ.